10-9ರಲ್ಲಿ ಕೊಟ್ಟ ಲೆಟ್

ಹೋದ ಭಾನುವಾರ ನಮ್ಮ ಕ್ಲಬ್ಬು ಸ್ಕ್ವಾಷ್ ಲೀಗ್ ಮ್ಯಾಚ್ ಗೆದ್ದಿತು. 3-2. ಎದುರಿಗೆ ಇದ್ದದ್ದು ಬೆಂಗಳೂರಿನ ಒಂದು ಯೂನಿವರ್ಸಿಟಿಯ ಹುಡುಗರು, ಎಲ್ಲ 19, 20ರ ವಯಸ್ಸು. ನಮ್ಮ ಐದು ಜನರಲ್ಲಿ ನಾಲ್ವರಿಗೆ 40 ದಾಟಿದೆ. ವಾಟ್ಸಾಪ್ ಗ್ರೂಪಿನಲ್ಲಿ ಮೂರು ದಿನ ಅದೇ ಮಾತು, ಅದೇ ಫೋಟೋ. ನಾನು ಅದರಲ್ಲಿ ಒಂದಕ್ಷರ ಹಾಕಲಿಲ್ಲ. ಯಾಕೆ ಅಂತ ಇಲ್ಲಿ ಬರೆಯುತ್ತೇನೆ.

ತುಮಕೂರಿನಲ್ಲಿ ಸ್ಕ್ವಾಷ್ ಆಡುತ್ತೇವೆ ಅಂದರೆ ಜನ ಈಗಲೂ ಎರಡು ಸಲ ಕೇಳುತ್ತಾರೆ. ಶಟಲ್ ಆದರೆ ಎಲ್ಲರಿಗೂ ಗೊತ್ತು. ಇದು ಗೋಡೆಗೆ ಹೊಡೆಯುವ ಆಟ. ನಮ್ಮ ಕ್ಲಬ್ಬಿನಲ್ಲಿ ಇರುವುದು ಒಂದೇ ಕೋರ್ಟು, ಹಳೇ ಕಾಲದ್ದು. ನಾಲ್ಕೂ ಕಡೆ ಗಾರೆ ಗೋಡೆ, ಮರದ ನೆಲ, ಮೇಲೆ ಶೀಟು, ಹಿಂದಿನ ಗೋಡೆಯಲ್ಲಿ ತಲೆ ಬಗ್ಗಿಸಿ ಒಳಗೆ ಹೋಗುವ ಒಂದು ಬಾಗಿಲು. ದೊಡ್ಡ ಊರಿನ ಕೋರ್ಟುಗಳ ಹಾಗೆ ಹಿಂದೆ ಗಾಜಿಲ್ಲ. ಆಟ ನೋಡಬೇಕು ಅಂದರೆ ಕಬ್ಬಿಣದ ಮೆಟ್ಟಿಲು ಹತ್ತಿ ಗ್ಯಾಲರಿಗೆ ಹೋಗಬೇಕು. ಅಲ್ಲಿಂದ ಬಾವಿಗೆ ಬಗ್ಗಿ ನೋಡಿದ ಹಾಗೆ ಕೆಳಗೆ ನೋಡಬೇಕು. ರೆಫರಿ ಕೂರುವುದೂ ಅಲ್ಲೇ, ಹಿಂದಿನ ಗೋಡೆಯ ಸರಿಯಾಗಿ ಮಧ್ಯದಲ್ಲಿ. ಅಲ್ಲಿ ಕೂತವನಿಗೆ ಕಾಣಿಸಲಿಲ್ಲ ಅನ್ನುವ ನೆಪ ಇಲ್ಲ. ಎಲ್ಲವೂ ಕಾಣುತ್ತದೆ.

ಆಟ ಗೊತ್ತಿಲ್ಲದವರಿಗೆ ಒಂದು ವಿಷಯ ಹೇಳಲೇಬೇಕು, ಇಲ್ಲದಿದ್ದರೆ ನನ್ನ ಸಂಕಟ ಅರ್ಥ ಆಗುವುದಿಲ್ಲ. ಶಟಲ್ಲಿನಲ್ಲಿ, ಟೆನಿಸ್ಸಿನಲ್ಲಿ ಮಧ್ಯೆ ನೆಟ್ ಇರುತ್ತದೆ. ನೀವು ಆ ಕಡೆ, ನಾನು ಈ ಕಡೆ. ಸ್ಕ್ವಾಷಿನಲ್ಲಿ ನೆಟ್ಟೇ ಇಲ್ಲ. 9.75 ಮೀಟರ್ ಉದ್ದ, 6.4 ಮೀಟರ್ ಅಗಲದ ಒಂದೇ ಕೋಣೆಯಲ್ಲಿ ಇಬ್ಬರೂ ರಾಕೆಟ್ ಹಿಡಿದು ಒಬ್ಬರ ಹಿಂದೆ ಒಬ್ಬರು ಓಡಬೇಕು. ಹಾಗಾಗಿ ಚೆಂಡು ಹೊಡೆದ ಮೇಲೆ ಮೊದಲ ಕೆಲಸ ದಾರಿ ಬಿಡುವುದು. ನಿಮ್ಮನ್ನು ಸೋಲಿಸೋಕೆ ಬರುತ್ತಿರುವವನಿಗೇ ನೀವು ಸರಿದು ಜಾಗ ಕೊಡಬೇಕು. ನಿಯಮ ಪುಸ್ತಕದಲ್ಲಿ 8ನೇ ನಿಯಮ ಪೂರ್ತಿ ಇದರದ್ದೇ. ಎದುರಾಳಿಗೆ ಚೆಂಡು ಕಾಣಬೇಕು, ಚೆಂಡಿನ ಹತ್ತಿರ ನೇರ ಹೋಗಲು ದಾರಿ ಇರಬೇಕು, ರಾಕೆಟ್ ಬೀಸಲು ಜಾಗ ಇರಬೇಕು, ಮುಂದಿನ ಗೋಡೆಯ ಯಾವ ಭಾಗಕ್ಕೆ ಬೇಕಾದರೂ ಹೊಡೆಯಲು ಆಗಬೇಕು. ಇದರಲ್ಲಿ ಯಾವುದಕ್ಕೆ ಅಡ್ಡಿ ಆದರೂ ಆಟ ನಿಲ್ಲಿಸಿ 'ಲೆಟ್ ಪ್ಲೀಸ್' ಅನ್ನಬಹುದು. ಆಗ ರೆಫರಿ ಮೂರರಲ್ಲಿ ಒಂದು ಹೇಳಬೇಕು. 'ನೋ ಲೆಟ್' ಅಂದರೆ ಕೇಳಿದವನು ಆ ಪಾಯಿಂಟ್ ಕಳೆದುಕೊಂಡ. 'ಯೆಸ್ ಲೆಟ್' ಅಂದರೆ ಆ ಪಾಯಿಂಟ್ ಮತ್ತೆ ಆಡಬೇಕು. 'ಸ್ಟ್ರೋಕ್' ಅಂದರೆ ಕೇಳಿದವನಿಗೇ ಪಾಯಿಂಟ್. ಹೊಡೆದಿದ್ದರೆ ಮುಂದಿನ ಗೋಡೆಗೆ ನೇರ ಹೋಗಬೇಕಿದ್ದ ಚೆಂಡು ಎದುರಾಳಿಯ ಮೈಗೆ ಬೀಳುತ್ತಿತ್ತು ಅಂತಿದ್ದರೆ ಅದು ಸ್ಟ್ರೋಕು. ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ.

ಹುಡುಗರು ಟೆಂಪೋ ಟ್ರಾವೆಲರಿನಲ್ಲಿ ಬಂದರು. ದಾರಿಯಲ್ಲಿ ಕ್ಯಾತ್ಸಂದ್ರದಲ್ಲಿ ಇಳಿದು ತಟ್ಟೆ ಇಡ್ಲಿ ತಿಂದು ಬಂದಿದ್ದರು. ಹಿಂದಿನ ರಾತ್ರಿಯಿಂದ ಜಿಟಿಜಿಟಿ ಮಳೆ. ಮಳೆ ಬಂದರೆ ನಮ್ಮ ಕೋರ್ಟಿನ ಗೋಡೆ ಬೆವರುತ್ತದೆ, ಚೆಂಡು ಗೋಡೆಗೆ ಬಡಿದು ಪುಟಿಯುವ ಬದಲು ಜಾರುತ್ತದೆ. ಅದಕ್ಕೇ ಬೆಳಿಗ್ಗೆ ಏಳಕ್ಕೇ ಹೋಗಿ ಹಳೇ ಪಂಚೆ, ಟವೆಲ್ಲು ತಗೊಂಡು ಕೈಗೆ ಎಟುಕುವಷ್ಟು ಎತ್ತರಕ್ಕೆ ಗೋಡೆ ಒರೆಸಿದ್ದೆವು. ಹುಡುಗರೂ ಬಂದ ತಕ್ಷಣ ಬ್ಯಾಗ್ ಇಟ್ಟು ಒರೆಸೋಕೆ ನಿಂತರು. ಯಾರೂ ಹೇಳಿರಲಿಲ್ಲ. ನನಗೆ ಆಗಲೇ ಇಷ್ಟ ಆದರು.

ಐದು ಮ್ಯಾಚು, ಒಂದೇ ಕೋರ್ಟು. ಒಂದೊಂದು ಮ್ಯಾಚೂ ಐದು ಗೇಮಿನದ್ದು, ಮೊದಲು ಮೂರು ಗೆದ್ದವರಿಗೆ ಮ್ಯಾಚು, ಗೇಮಿಗೆ 11 ಪಾಯಿಂಟು. ನಮ್ಮ ಐದನೇ ಆಟಗಾರ ಮೇಷ್ಟ್ರು. ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾರೆ, ವಯಸ್ಸು 57. ಅವತ್ತು ಗುಬ್ಬಿಯಲ್ಲಿ ಅವರ ತಂಗಿ ಮೊಮ್ಮಗುವಿನ ನಾಮಕರಣ ಇತ್ತು. ಬರೋದು ಮಧ್ಯಾಹ್ನ ಆಗುತ್ತದೆ ಅಂದಿದ್ದಕ್ಕೆ ಅವರ ಮ್ಯಾಚನ್ನು ಕೊನೆಗೆ ಇಟ್ಟುಕೊಂಡೆವು. ಹುಡುಗರು ಅದಕ್ಕೂ ಒಪ್ಪಿದರು.

ಮೊದಲನೆಯದು ನಾವು ಗೆದ್ದೆವು. ನಮ್ಮ ನಂಬರ್ ಒನ್ ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಹುಡುಗ, ನಮ್ಮಲ್ಲಿ ಚಿಕ್ಕವನು ಅವನೊಬ್ಬನೇ. ನೈಟ್ ಶಿಫ್ಟ್ ಮುಗಿಸಿ ಎರಡು ಗಂಟೆ ಮಲಗಿ ಬಂದು 3-1ರಲ್ಲಿ ಗೆದ್ದ. ಎರಡನೆಯದು ಡಾಕ್ಟರದ್ದು, ಮೂರು ಗೇಮೂ ಹೋಯಿತು. ಮೂರನೆಯದು ನನ್ನದು.

ನನಗೆ ಸಿಕ್ಕಿದ್ದು ಅವರ ಕ್ಯಾಪ್ಟನ್. ನಾನು 1-3ರಲ್ಲಿ ಸೋತೆ. ಸೋತಿದ್ದಕ್ಕೆ ಬೇಜಾರಿಲ್ಲ. ಅವನು ಚೆಂಡು ಹೊಡೆದು ದಾರಿ ಬಿಡುವ ರೀತಿ ನೋಡಿ ಕಣ್ಣು ತುಂಬಿತು ಅಂದರೂ ತಪ್ಪಲ್ಲ. ಕೋರ್ಟಿನ ನಡುವೆ ಗೆರೆಗಳು ಕೂಡುವ ಒಂದು ಜಾಗ ಇದೆ, ಅದಕ್ಕೆ ಟಿ ಅನ್ನುತ್ತೇವೆ. ಹೊಡೆದ ಮೇಲೆ ಎಲ್ಲರೂ ಅಲ್ಲಿಗೇ ಓಡಬೇಕು, ಯಾಕೆಂದರೆ ಅಲ್ಲಿಂದ ನಾಲ್ಕೂ ಮೂಲೆ ಹತ್ತಿರ. ಹಾಗೆ ಓಡುವಾಗ ನೇರ ಹೋದರೆ ಎದುರಾಳಿಗೆ ಅಡ್ಡ ಬರುತ್ತೀರಿ. ಅವನು ಒಂದು ಸಲವೂ ನೇರ ಹೋಗಲಿಲ್ಲ. ಸುತ್ತು ಹಾಕಿ, ನನಗೆ ದಾರಿ ಬಿಟ್ಟು, ಒಂದೂವರೆ ಹೆಜ್ಜೆ ಜಾಸ್ತಿ ಓಡಿ ಟಿಗೆ ಬರುತ್ತಿದ್ದ. ನಾಲ್ಕು ಗೇಮಿನಲ್ಲಿ ನಾನು ಲೆಟ್ ಕೇಳಿದ್ದು ಎರಡೇ ಸಲ.

ನಮ್ಮ ಲೀಗಿನಲ್ಲಿ ರೆಫರಿ ಅಂತ ಬೇರೆ ಯಾರೂ ಬರುವುದಿಲ್ಲ. ಸೋತವರು ಗ್ಯಾಲರಿ ಹತ್ತಿ ಮುಂದಿನ ಮ್ಯಾಚ್ ನೋಡಿಕೊಳ್ಳಬೇಕು. ಹಾಗಾಗಿ ನಾಲ್ಕನೇ ಮ್ಯಾಚಿಗೆ ನಾನು ಕೂತೆ. ಮೆಡಿಕಲ್ ಶಾಪ್ ಅಣ್ಣನ ಮ್ಯಾಚು ಅದು, ಐದು ಗೇಮು ಹೋಯಿತು. ಕೊನೆ ಗೇಮಿನಲ್ಲಿ ಆ ಹುಡುಗನಿಗೆ ಮೀನಖಂಡ ಹಿಡಿದುಕೊಂಡಿತು. ಕುಂಟುತ್ತಲೇ ಆಡಿದ, ಬಿಡಲಿಲ್ಲ, ಸೋತ. 2-2.

ಈಗ ಐದನೇ ಮ್ಯಾಚಿಗೆ ಅವನು ರೆಫರಿ ಆಗಬೇಕು. ಆದರೆ ಆ ಕಾಲಲ್ಲಿ ನಮ್ಮ ಮೆಟ್ಟಿಲು ಹತ್ತೋಕೆ ಆಗಲಿಲ್ಲ, ಎರಡನೇ ಮೆಟ್ಟಿಲಿಗೇ ಹಲ್ಲು ಕಚ್ಚಿ ನಿಂತುಬಿಟ್ಟ. ಬೇರೆ ಯಾರನ್ನಾದರೂ ಕಳಿಸಿ ಅಂತ ಅವರ ಕ್ಯಾಪ್ಟನಿಗೆ ಹೇಳಿದೆ. ಅವನು ನನ್ನ ಕಡೆ ನೋಡಿ, "ನೀವೇ ಕೂತ್ಕೊಳ್ಳಿ ಸಾರ್, ಪರವಾಗಿಲ್ಲ. ಚೆನ್ನಾಗೇ ಮಾಡಿದ್ರಲ್ಲ," ಅಂದ. ನಾನು ಕೂತೆ.

ಮೇಷ್ಟ್ರು ಗುಬ್ಬಿಯಿಂದ ಊಟ ಮಾಡದೇ ಎದ್ದು ಬಂದಿದ್ದರು. ಹೊಟ್ಟೆ ತುಂಬಿದರೆ ಓಡೋಕೆ ಆಗಲ್ಲ ಅಂತ ಎರಡು ಬಾಳೆಹಣ್ಣು ತಿಂದು, ಎಡ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಒಳಗೆ ಹೋದರು. ಎದುರಿಗೆ ಧಾರವಾಡ ಕಡೆಯ ಒಬ್ಬ ಎತ್ತರದ ಹುಡುಗ, ಮೊದಲನೇ ವರ್ಷದವನು.

ಸ್ಕ್ವಾಷ್ ಚೆಂಡು 24 ಗ್ರಾಂ ಅಷ್ಟೇ, ಮೇಲೆ ಎರಡು ಹಳದಿ ಚುಕ್ಕೆ. ತಣ್ಣಗಿರುವಾಗ ಅದು ಪುಟಿಯುವುದೇ ಇಲ್ಲ, ಹಸಿ ಮಣ್ಣಿನ ಉಂಡೆ ಬಿದ್ದ ಹಾಗೆ ಬೀಳುತ್ತದೆ. ಹೊಡೆದು ಹೊಡೆದು ಬಿಸಿ ಮಾಡಬೇಕು, ಆಗ ಒಳಗಿನ ಗಾಳಿ ಹಿಗ್ಗಿ ಪುಟಿಯುತ್ತದೆ. ಮೇಷ್ಟ್ರ ಆಟ ಇರುವುದು ಚೆಂಡನ್ನು ಬಿಸಿಯಾಗಲು ಬಿಡದೇ ಇರುವುದರಲ್ಲಿ. ಎತ್ತರಕ್ಕೆ ಲಾಬ್ ಹಾಕುತ್ತಾರೆ, ಅದು ನಿಧಾನಕ್ಕೆ ಬಂದು ಹಿಂದಿನ ಮೂಲೆಯಲ್ಲಿ ಇಳಿದು ಅಲ್ಲೇ ಸತ್ತು ಹೋಗುತ್ತದೆ. ಅವರು ಆಟ ಕಲಿತದ್ದು ಗೇಮಿಗೆ 9 ಪಾಯಿಂಟು, ಸರ್ವ್ ಮಾಡಿದವರಿಗೆ ಮಾತ್ರ ಪಾಯಿಂಟು ಅನ್ನುವ ಕಾಲದಲ್ಲಿ. ಆ ಲೆಕ್ಕದಲ್ಲಿ ಗಂಟೆಗಟ್ಟಲೆ ಆಡಬೇಕಾಗುತ್ತಿತ್ತು, ಆ ತಾಳ್ಮೆ ಅವರ ಕೈಯಲ್ಲಿ ಹಾಗೇ ಉಳಿದಿದೆ.

ಹುಡುಗ ಮೊದಲ ಗೇಮ್ 11-5ರಲ್ಲಿ ಎತ್ತಿಕೊಂಡ. ಎರಡನೆಯದು ಮೇಷ್ಟ್ರಿಗೆ, 11-8. ಮೂರನೇ ಗೇಮಿನಲ್ಲಿ ಮೇಷ್ಟ್ರು 6-4 ಮುಂದಿದ್ದಾಗ ಒಂದು ಸಂಗತಿ ನಡೆಯಿತು. ಹುಡುಗ ಹೊಡೆದ ಚೆಂಡು ಪಕ್ಕದ ಗೋಡೆಗೆ ತಗುಲಿ ನಡುವಕ್ಕೆ ಬಂತು, ಅವನು ಟಿ ಮೇಲೆ ನಿಂತಿದ್ದ, ಹಿಂದೆ ಮೇಷ್ಟ್ರು ರಾಕೆಟ್ ಎತ್ತಿ ನಿಂತರು. "ಲೆಟ್ ಪ್ಲೀಸ್." ನಾನು ಒಂದು ಕ್ಷಣವೂ ಯೋಚಿಸದೆ ಸ್ಟ್ರೋಕ್ ಕೊಟ್ಟೆ. 7-4. ಹುಡುಗ ತಲೆ ಆಡಿಸಿದ, ಸರಿ ಅಂತ. ಆ ಗೇಮ್ ಮೇಷ್ಟ್ರಿಗೆ 11-7. ಇದನ್ನು ನೆನಪಿಟ್ಟುಕೊಳ್ಳಿ.

ನಾಲ್ಕನೆಯದು ಹುಡುಗನಿಗೆ, 11-4. ಮೇಷ್ಟ್ರು ಸುಸ್ತಾಗಿದ್ದರು. ಗೇಮಿನ ನಡುವೆ ಕೆಳಗೆ ಹೋಗಿ ಎಳನೀರು ಕೊಟ್ಟು ಬರಬೇಕು ಅನಿಸಿತು, ಆದರೆ ನಾನು ರೆಫರಿ, ಏಳುವಂತಿಲ್ಲ. ಕ್ಲಬ್ಬಿನ ಒಬ್ಬ ಪಿಯುಸಿ ಹುಡುಗಿ ಕೊಟ್ಟು ಬಂದಳು. ಅವಳು ಗ್ಯಾಲರಿಯಲ್ಲಿ ನನ್ನ ಪಕ್ಕದಲ್ಲೇ ಕೂತು ಪಾಯಿಂಟ್ ಬರೆಯುತ್ತಿದ್ದಳು. ಜೋಶ್ನಾ ಚಿನ್ನಪ್ಪ ಅವರ ಆಟ ನೋಡಿ ರಾಕೆಟ್ ಹಿಡಿದವಳು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಸ್ಕ್ವಾಷ್ ಮೊದಲ ಸಲ ಬರುತ್ತಿದೆ ಅಂತ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾಳೆ.

ಐದನೇ ಗೇಮ್. ಮೇಷ್ಟ್ರು ಹೇಗೋ ಜೀವ ಹಿಡಿದುಕೊಂಡು 10-7ಕ್ಕೆ ತಂದರು. ಒಂದು ಪಾಯಿಂಟ್ ಸಾಕು. ಹುಡುಗ ಎರಡು ಪಾಯಿಂಟ್ ಎಳೆದ. 10-8. 10-9. ಈಗ ಸರ್ವ್ ಅವನದ್ದು. ಗ್ಯಾಲರಿಯಲ್ಲಿ ಉಸಿರಿಲ್ಲ. ಅವರ ಕಡೆಯ ಹುಡುಗನೊಬ್ಬ ಹಿಂದಿನಿಂದ, "ಮಗಾ, ಅಭಯ್ ಸಿಂಗ್!" ಅಂತ ಕೂಗಿದ. ಯಾಕೆ ಅಂತ ನಮಗೆಲ್ಲ ಗೊತ್ತಿತ್ತು. 2023ರ ಸೆಪ್ಟೆಂಬರ್ 30, ಹಾಂಗ್‌ಝೌ ಏಷ್ಯನ್ ಗೇಮ್ಸ್, ಪಾಕಿಸ್ತಾನದ ಮೇಲೆ ತಂಡದ ಫೈನಲ್, 1-1 ಆಗಿ ಕೊನೆ ಮ್ಯಾಚು. ಅಭಯ್ ಸಿಂಗ್ ಐದನೇ ಗೇಮಿನಲ್ಲಿ 8-10 ಹಿಂದಿದ್ದು, ಎರಡು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು 12-10ರಲ್ಲಿ ಗೆದ್ದು ಚಿನ್ನ ತಂದುಕೊಟ್ಟ ಮ್ಯಾಚದು. ಸ್ಕ್ವಾಷ್ ಆಡುವ ಹುಡುಗರಿಗೆ ಆ ಸ್ಕೋರು ಬಾಯಿಪಾಠ.

ಆ ರ‍್ಯಾಲಿ ತುಂಬ ಹೊತ್ತು ನಡೆಯಿತು. ಎಡ ಗೋಡೆಯ ಪಕ್ಕದಲ್ಲೇ ಇಬ್ಬರೂ ಹಿಂದಕ್ಕೆ ಹೊಡೆದರು, ಮತ್ತೆ ಮತ್ತೆ. ಆಮೇಲೆ ಮೇಷ್ಟ್ರ ಒಂದು ಹೊಡೆತ ಗೋಡೆಗೆ ಅಂಟಿಕೊಂಡು ಹೋಗುವ ಬದಲು ಗೋಡೆಗೆ ತಗುಲಿ ನಡುವಕ್ಕೆ ಬಂದುಬಿಟ್ಟಿತು. ಮೇಷ್ಟ್ರು ಟಿ ಮೇಲಿದ್ದರು. ಹುಡುಗ ಅವರ ಹಿಂದೆ, ಎರಡು ಹೆಜ್ಜೆ ದೂರ. ಚೆಂಡು ಅವನ ಮೊಣಕಾಲಿನ ಹತ್ತಿರ. ರಾಕೆಟ್ ಕಿವಿಯವರೆಗೆ ಎತ್ತಿದ್ದ. ಮುಂದೆ ಮೇಷ್ಟ್ರ ಬೆನ್ನು, ಬೆವರಿಗೆ ಬಿಳಿ ಬನಿಯನ್ನು ಮೈಗೆ ಅಂಟಿಕೊಂಡು ಬೆನ್ನುಮೂಳೆ ಕಾಣುತ್ತಿತ್ತು. ಬೀಸಿದ್ದರೆ ಚೆಂಡು ನೇರ ಅಲ್ಲಿಗೇ. ಅವನು ಬೀಸಲಿಲ್ಲ. ಕೈ ಹಾಗೇ ಮೇಲೆ ನಿಂತಿತು, ಚೆಂಡು ಎರಡು ಸಲ ನೆಲಕ್ಕೆ ಬಡಿದು ಉರುಳಿಹೋಯಿತು.

"ಲೆಟ್ ಪ್ಲೀಸ್."

ನನ್ನ ಬಾಯಿಂದ "ಯೆಸ್ ಲೆಟ್" ಅಂತ ಬಂತು.

ಹುಡುಗ ತಲೆ ಎತ್ತಿ ಗ್ಯಾಲರಿ ಕಡೆ ನೋಡಿದ. "ಲೆಟ್ ಏನ್ರೀ ಸರ್?" ಅಂದ. ಜಗಳದ ದನಿ ಅಲ್ಲ, ಕೇಳಿಸಿದ್ದು ಸರಿಯಾ ಅಂತ ಕೇಳುವ ದನಿ. ನಾನು ಮತ್ತೆ "ಯೆಸ್ ಲೆಟ್" ಅಂದೆ. ಎರಡನೇ ಸಲ ಹೇಳುವಾಗ ಗೊತ್ತಿತ್ತು. ಮೊದಲನೇ ಸಲ ಬಾಯಿ ತಪ್ಪಿತು ಅಂತ ಬೇಕಾದರೆ ಹೇಳಬಹುದು, ಎರಡನೇ ಸಲಕ್ಕೆ ಆ ಮಾತು ನಡೆಯುವುದಿಲ್ಲ. ಪಕ್ಕದಲ್ಲಿದ್ದ ಹುಡುಗಿ ಪೆನ್ನು ಎತ್ತಿದವಳು ಏನೂ ಬರೆಯದೆ ನನ್ನ ಮುಖ ನೋಡಿದಳು.

"ಆತ್ರಿ," ಅಂದ ಹುಡುಗ. ಅಷ್ಟೇ. ಚೆಂಡು ಎತ್ತಿಕೊಂಡು ಸರ್ವಿಸ್ ಬಾಕ್ಸಿಗೆ ಹೋದ.

ಮತ್ತೆ ಆಡಿದಾಗ ನಾಲ್ಕೈದು ಹೊಡೆತ ಅಷ್ಟೇ. ಅವನು ಮುಂದೆ ಬಂದು ಡ್ರಾಪ್ ಹಾಕಿದ, ಅಂದರೆ ಮುಂದಿನ ಗೋಡೆಗೆ ಮೆಲ್ಲಗೆ, ತಗ್ಗಿಗೆ ಹೊಡೆದ. ಮುಂದಿನ ಗೋಡೆಯ ಕೆಳಗೆ 48 ಸೆಂಟಿಮೀಟರ್ ಎತ್ತರದ ತಗಡಿನ ಪಟ್ಟಿ ಇರುತ್ತದೆ, ಟಿನ್ ಅನ್ನುತ್ತೇವೆ, ಅದಕ್ಕೆ ಚೆಂಡು ಬಿದ್ದರೆ ಔಟ್. ಠಣ್ ಅಂತ ಸದ್ದಾಯಿತು. 11-9. ನಾವು ಗೆದ್ದೆವು. ಎಲ್ಲರೂ ಮೆಟ್ಟಿಲು ಧಡಧಡ ಇಳಿದು ಓಡಿದರು. ನಾನು ಕೂತೇ ಇದ್ದೆ.

ಸ್ಟ್ರೋಕ್ ಕೊಟ್ಟಿದ್ದರೆ 10-10 ಆಗುತ್ತಿತ್ತು. 10-10 ಆದ ಮೇಲೆ ಎರಡು ಪಾಯಿಂಟ್ ಮುಂದೆ ಹೋದವರಿಗೆ ಗೇಮು. ಮೇಷ್ಟ್ರೇ ಗೆಲ್ಲುತ್ತಿದ್ದರೇನೋ. ಆದರೆ ಆ ಎರಡು ಪಾಯಿಂಟು ಆಡುವ ಹಕ್ಕು ಆ ಹುಡುಗನದ್ದಾಗಿತ್ತು. 7-10ರಿಂದ ಒಂದೊಂದೇ ಎಳೆದುಕೊಂಡು ಬಂದಿದ್ದ. ಅದನ್ನು ನಾನು ಕಿತ್ತುಕೊಂಡೆ. ಮೂರನೇ ಗೇಮಿನಲ್ಲಿ ಅದೇ ಜಾಗ, ಅದೇ ತರಹದ ಚೆಂಡು, ಮೇಷ್ಟ್ರಿಗೆ ಸ್ಟ್ರೋಕ್ ಕೊಟ್ಟವನು ನಾನೇ. ಇನ್ನೊಂದು ಮಾತೂ ಇದೆ. ಮೇಷ್ಟ್ರ ಬೆನ್ನಿಗೆ ಹೊಡೆಯಬಾರದು ಅಂತ ಅವನು ಕೈ ತಡೆದ. ಹೊಡೆದೇಬಿಟ್ಟಿದ್ದರೆ ಇಷ್ಟು ದೊಡ್ಡ ಬರೆ ಏಳುತ್ತಿತ್ತು, ಹತ್ತಿರದಿಂದ ಬಿದ್ದ ಸ್ಕ್ವಾಷ್ ಚೆಂಡಿನ ಗುರುತು ವಾರ ಇರುತ್ತದೆ. ಅವನು ನಮ್ಮವರ ಮೈ ಕಾಯ್ದ. ನಾನು ಅವನ ಪಾಯಿಂಟ್ ಕಾಯಲಿಲ್ಲ.

ಹುಡುಗರು ಕಾಫಿ ಕುಡಿದು, ಎಲ್ಲರ ಕೈ ಕುಲುಕಿ, ಐದು ಗಂಟೆಗೆ ಹೊರಟರು. ಧಾರವಾಡದ ಹುಡುಗ ಮೇಷ್ಟ್ರ ಕಾಲು ಮುಟ್ಟಿ ನಮಸ್ಕಾರ ಮಾಡಿದ. ನನಗೂ ಕೈ ಕೊಟ್ಟ. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ.

ಅವರು ಹೋದ ಮೇಲೆ ಶೂ ಬಿಚ್ಚುತ್ತಾ ಕೂತಿದ್ದ ಮೇಷ್ಟ್ರ ಹತ್ತಿರ ಹೋದೆ. ಅವರು ತಲೆ ಎತ್ತದೇ ಹೇಳಿದರು.

"ಅದು ಸ್ಟ್ರೋಕು ಕಣಪ್ಪ."

"ಹೌದು ಮೇಷ್ಟ್ರೇ."

"ನಿನ್ನ ಒಬ್ಬನ್ನೇ ಅನ್ನಲ್ಲ ನಾನು. ನಾನೇ ಹೇಳಬಹುದಿತ್ತು, ಪಾಯಿಂಟ್ ಅವನದ್ದು ಅಂತ. ಬಾಯಿ ತೆಗೆಯೋಷ್ಟರಲ್ಲಿ ಅವನು ಆತ್ರಿ ಅಂದ್ಬಿಟ್ಟ. ನಾನು ಸುಮ್ನಾದೆ." ಲೇಸು ಬಿಚ್ಚುವುದು ನಿಲ್ಲಿಸಿ, "ಮೂವತ್ತು ವರ್ಷದಿಂದ ಮಕ್ಕಳಿಗೆ ಮಾರ್ಕ್ಸ್ ಹಾಕ್ತಿದೀನಿ, ಒಂದು ಮಾರ್ಕ್ ಕಮ್ಮಿ ಬಿದ್ದಿದ್ರೆ ಕೂಡಿ ನೋಡಿ ಕೊಟ್ಟಿದೀನಿ," ಅಂದರು.

ಸೋಮವಾರ ಬೆಳಿಗ್ಗೆ ಆರಕ್ಕೆ ಇಬ್ಬರೂ ಕೋರ್ಟಿಗೆ ಹೋದೆವು. ಮೇಷ್ಟ್ರು ಜೇಬಿನಿಂದ ಸೀಮೆಸುಣ್ಣ ತೆಗೆದು ತಾವು ನಿಂತಿದ್ದ ಜಾಗಕ್ಕೆ ಒಂದು ಗುರುತು, ಹುಡುಗ ನಿಂತಿದ್ದ ಜಾಗಕ್ಕೆ ಇನ್ನೊಂದು ಗುರುತು ಹಾಕಿದರು. ನನ್ನನ್ನು ಹುಡುಗನ ಜಾಗದಲ್ಲಿ ನಿಲ್ಲಿಸಿ ತಾವು ಟಿ ಮೇಲೆ ನಿಂತರು. ಮುಂದಿನ ಗೋಡೆ ಕಡೆ ನೋಡಿದೆ. ಅವರ ಎರಡು ಭುಜದ ಮಧ್ಯೆ ಗೋಡೆಯೇ ಕಾಣಲಿಲ್ಲ. ಮೇಲಿನಿಂದ ನೋಡಿದಾಗ ಗೊತ್ತಾಗಿದ್ದಕ್ಕಿಂತ ಕೆಳಗೆ ನಿಂತಾಗ ಇನ್ನೂ ಸ್ಪಷ್ಟ.

ಅಲ್ಲಿಂದಲೇ ಅವರ ಕ್ಯಾಪ್ಟನಿಗೆ ಫೋನ್ ಮಾಡಿದೆ. ನಿದ್ದೆಗಣ್ಣಲ್ಲಿ ಎತ್ತಿದ. ನಡೆದದ್ದನ್ನು ಹೇಳಿದೆ, ಸುತ್ತಿ ಬಳಸದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಲೀಗ್ ಟೇಬಲ್ಲಿಗೆ ಹೋಗಿ ಆಯ್ತು ಸಾರ್, ಈಗ ಬದಲಾಗಲ್ಲ. ಅವನಿಗೆ ಹೇಳ್ತೀನಿ," ಅಂದ. ಮಧ್ಯಾಹ್ನ ಹುಡುಗನದ್ದೇ ಒಂದು ವಾಯ್ಸ್ ಮೆಸೇಜ್ ಬಂತು. "ಸರ್, ನನಗೂ ಹಂಗ ಅನಿಸಿತ್ರೀ. ಆದ್ರ ಡ್ರಾಪ್ ನಾನ ಟಿನ್ನಿಗೆ ಹೊಡದೀನಲ್ರಿ. ಮೇಷ್ಟ್ರಿಗೆ ಹೇಳ್ರಿ, ಜನವರಿಯೊಳಗ ನಮ್ಮ ಕೋರ್ಟಿಗೆ ಬರ್ರಿ ಅಂತ." ಬ್ಯಾಂಕಿನಲ್ಲಿ ಊಟದ ಹೊತ್ತಿಗೆ ಅದನ್ನು ನಾಲ್ಕು ಸಲ ಕೇಳಿದೆ.

ಗ್ರೂಪಿನಲ್ಲೂ ಇವತ್ತು ಬೆಳಿಗ್ಗೆ ಬರೆದು ಹಾಕಿದೆ. ಡಾಕ್ಟರು 'ರೆಫರಿ ಹೇಳಿದ್ದೇ ಕೊನೆ, ಬಿಡಿ' ಅಂದರು. ಮೆಡಿಕಲ್ ಶಾಪ್ ಅಣ್ಣನಿಗೆ ಬೇಜಾರಾಗಿದೆ, ಗೆದ್ದ ಖುಷಿ ಹಾಳು ಮಾಡಿದೆ ಅಂತ. ಆ ಪಿಯುಸಿ ಹುಡುಗಿ ಮಾತ್ರ ಸ್ಕೋರ್ ಹಾಳೆಯ ಫೋಟೋ ಹಾಕಿದಳು. 10-9ರ ಪಕ್ಕದಲ್ಲಿ ಪೆನ್ನಿನಲ್ಲಿ ಸಣ್ಣದಾಗಿ ಒಂದು ಪ್ರಶ್ನೆ ಗುರುತು ಇದೆ. ಅವತ್ತೇ ಹಾಕಿದ್ದಂತೆ.

ಜನವರಿಯ ಮ್ಯಾಚಿಗೆ ಎರಡು ಕಾರು ಬೇಕು, ಒಂದು ಸಿಕ್ಕಿದೆ. ಎರಡೂ ಕಡೆಯವರಲ್ಲದ ಒಬ್ಬರನ್ನು ಕೊನೆಯ ಮ್ಯಾಚಿಗೆ ರೆಫರಿಯಾಗಿ ಕರೆಯೋಣ ಅಂತ ಅವರ ಕ್ಯಾಪ್ಟನಿಗೆ ಹೇಳಿದ್ದೇನೆ, ಖರ್ಚು ನಮ್ಮದು. ಮೇಷ್ಟ್ರು ತಮಗೆ ಅದೇ ಹುಡುಗನೇ ಬೇಕು ಅನ್ನುತ್ತಿದ್ದಾರೆ. ದಿನಾ ಬೆಳಿಗ್ಗೆ ಎಡ ಗೋಡೆಯ ಹಿಂದಿನ ಮೂಲೆಯಲ್ಲಿ ಟವೆಲ್ ಮಡಚಿ ಇಟ್ಟು, ಗೋಡೆಗೆ ತಗುಲದ ಹಾಗೆ ಅದರ ಮೇಲೆ ಚೆಂಡು ಬೀಳಿಸುವ ಅಭ್ಯಾಸ ಮಾಡುತ್ತಾರೆ. ನಾನು ಹಿಂದೆ ನಿಂತು ಎಣಿಸುತ್ತೇನೆ. ಇವತ್ತು 20ಕ್ಕೆ 13. ಹದಿನಾಲ್ಕನೆಯದು ಟವೆಲ್ಲಿನ ಅಂಚಿಗೆ ಬಿದ್ದ ಹಾಗಿತ್ತು, ಕೇಳಿದೆ. ಬಗ್ಗಿ ನೋಡಿ, ಇಲ್ಲ ಅಂದರು.